ತಗಡಿನ ಗೋಡೆಗೆ ತುಳಸಾಬಾಯಿಯ ಬಣ್ಣ

“ಸುಣ್ಣದ ಮ್ಯಾಲೇ ಹಚ್ಚಿ ಜಲ್ದಿ ಮುಗಸವಾ! ಮಂದಿ ನೋಡೂದು ಬಣ್ಣಾನ. ಒಳಗ ಏನೈತಿ ಅಂತ ಯಾರು ನೋಡ್ತಾರ?”

ಕೆಳಗೆ ನಿಂತು ಕೂಗುತ್ತಿರುವವರು ಮೇಸ್ತ್ರಿ ಬಂಡೆಪ್ಪ. ಏಣಿಯ ಮೇಲೆ ತಗಡು ಕೆರೆಯುತ್ತಿರುವ ತುಳಸಾಬಾಯಿ ತಿರುಗಿಯೂ ನೋಡುವುದಿಲ್ಲ.

“ನೀವು ಚಾ ಕುಡದು ಬರ್ರಿ ಮೇಸ್ತ್ರಿ. ನಿಮ್ಮ ಬಾಯಿಗೂ ಒಂದೀಟು ಕೆಲಸ ಸಿಗತೈತಿ.”

ಇನ್ನೂ ಸೂರ್ಯ ಹುಟ್ಟಿಲ್ಲ. ತೆಲುಗು ಸೀಮೆಯ ಬೇಗಂಪೇಟೆಯ ರೈಲು ಹಳಿಗಳ ಹಿಂದಿನ ಓಣಿಯಲ್ಲಿ ಇದೊಂದೇ ಸದ್ದು, ಕರಕರ. ಕಾದ ತಗಡಿಗೆ ಬಣ್ಣ ಹಚ್ಚಿದರೆ ಗುಳ್ಳೆ ಏಳುತ್ತದೆ. ಹಾಗಾಗಿ ಈ ಕೆಲಸದವರು ನೆರಳಿನ ಹಿಂದೆ ಓಡುತ್ತಾರೆ: ಬೆಳಿಗ್ಗೆ ಪಶ್ಚಿಮದ ಗೋಡೆ, ಸಂಜೆ ಪೂರ್ವದ್ದು.

ಮನೆ ಶಾರದಾಬಾಯಿ ಅವರದು. ಮಹಡಿಯ ಕೋಣೆಗೆ ನಾಲ್ಕೂ ಕಡೆ ತಗಡೇ ಗೋಡೆ. ಸೆಕೆ ತಡೆಯಲೆಂದು ಈ ಓಣಿಯವರು ಪ್ರತಿ ಬೇಸಿಗೆಗೂ ತಗಡಿಗೆ ಸುಣ್ಣ ಬಳಿಯುತ್ತಾರೆ. ಹೋದ ವರ್ಷ ಯಾರೋ ಆ ಸುಣ್ಣದ ಮೇಲೇ ಬಣ್ಣ ಹಚ್ಚಿ ಹೋದರು. “ಮೊದಲನೇ ಮಳಿಗೇ ಹಪ್ಪಳಧಂಗ ಎದ್ದು ಬಂತ್ರಿ,” ಎಂದು ಶಾರದಾಬಾಯಿ ನಗುತ್ತಾರೆ. “ಕರದಿದ್ರ ತಿನಬೌದಿತ್ತು.”

ತುಳಸಾಬಾಯಿ ಸೇಡಂ ಕಡೆಯವರು. ಮದುವೆಯಾಗಿ ಬಂದದ್ದು ಇದೇ ಊರಿನ ಅಂಚಿನ ಲಿಂಗಂಪಲ್ಲಿಗೆ. ಅಲ್ಲಿಂದ ಮೊದಲನೇ ಲೋಕಲ್ ರೈಲಿನಲ್ಲಿ ಬಕೆಟು, ತಂತಿಬ್ರಷ್ಷಿನ ಸಮೇತ ಬಂದು ಬೇಗಂಪೇಟೆಯಲ್ಲಿ ಇಳಿಯುತ್ತಾರೆ. ಬಂಡೆಪ್ಪನ ತಂಡದಲ್ಲಿ ಹೆಂಗಸರಿಗೆ ಕೆರೆಯುವ, ತೊಳೆಯುವ ಕೆಲಸ. ಬಣ್ಣದ ಬ್ರಷ್ಷು ಮಾತ್ರ ಗಂಡಸರ ಕೈಯಲ್ಲೇ.

“ತಿಕ್ಕೂದು ನಾವು, ಹಚ್ಚೂದು ಅವ್ರು. ಬಣ್ಣ ಛಲೋ ನಿಂತ್ರ ‘ಹಚ್ಚಿದಾಂವ ಯಾರು?’ ಅಂತಾರ. ಎದ್ದು ಬಂದ್ರ ‘ತಿಕ್ಕಿದಾಕಿ ಯಾರು?’ ಅಂತಾರ್ರಿ.”

ಈ ಮನೆಗೆ ತುಳಸಾಬಾಯಿ ಬಣ್ಣದ ಬ್ರಷ್ಷನ್ನೇ ಕೇಳಿದರು. ಬಂಡೆಪ್ಪ ಬಹಳ ಯೋಚಿಸಿ ಒಂದು ಷರತ್ತು ಹಾಕಿದರು: ಬಣ್ಣ ಒಂದು ಮಳೆ ತಡೆದರೆ ಮುಂದಿನ ಮನೆಗೂ ಬ್ರಷ್ಷು ಅವರದೇ. ಎದ್ದು ಬಂದರೆ ಮತ್ತೆಂದೂ ಕೇಳಬಾರದು.

ಸುಣ್ಣವೆಲ್ಲ ಉದುರಿದ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ತಗಡಿನ ಮೇಲೆ ತುಳಸಾಬಾಯಿ ಅಂಗೈ ಉಜ್ಜುತ್ತಾರೆ. ಅಂಗೈ ಬೆಳ್ಳಗಾದರೆ ಮತ್ತೆ ತೊಳೆಯುವುದೇ. ತುಕ್ಕಿದ್ದ ಕಡೆ ಹೊಳಪು ಬರುವವರೆಗೆ ತಿಕ್ಕಿ, ತುಕ್ಕು ತಡೆಯುವ ಕೆಂಪು ಪ್ರೈಮರ್ ಬಳಿಯುತ್ತಾರೆ. ಅದು ಒಣಗಿದ ಮೇಲಷ್ಟೇ ಶಾರದಾಬಾಯಿ ಆರಿಸಿದ ಗಿಳಿಹಸಿರು. ಮೊದಲ ಪಟ್ಟೆಯನ್ನು ಮೇಲಿನಿಂದ ಕೆಳಗೆ ಒಂದೇ ಸಲಕ್ಕೆ ಎಳೆಯುತ್ತಾರೆ.

ಮಳೆ ಬರುವುದು ಅದಾದ ವಾರಕ್ಕೆ. ಬರುವುದೆಂದರೆ ಬರುವುದೇ, ಓಣಿಯ ಸ್ಕೂಟರುಗಳು ಅರ್ಧ ಮುಳುಗುತ್ತವೆ. ಬೆಳಗಾಗುತ್ತಲೇ ಬಂಡೆಪ್ಪ ಮಹಡಿ ಏರುತ್ತಾರೆ. ಎರಡು ತಗಡು ಒಂದರ ಮೇಲೊಂದು ಕೂಡುವ ಅಂಚಿನಲ್ಲಿ ನೀರು ನಿಲ್ಲುತ್ತದೆ, ಬಣ್ಣ ಮೊದಲು ಏಳುವುದು ಅಲ್ಲೇ. ಅವರು ಉಗುರಿನಿಂದ ಕೆರೆಯುತ್ತಾರೆ. ಜೇಬಿನಿಂದ ಕೀಲಿ ತೆಗೆದು ಕೆರೆಯುತ್ತಾರೆ. ತುಳಸಾಬಾಯಿ, ಶಾರದಾಬಾಯಿ ಇಬ್ಬರೂ ಹಿಂದೆ ನಿಂತು ನೋಡುತ್ತಾರೆ.

ಗಿಳಿಹಸಿರು ಅಲ್ಲಾಡುವುದಿಲ್ಲ.

“ಸಾಕ್ರಿ ಮೇಸ್ತ್ರಿ, ಗ್ವಾಡಿಗೆ ತೂತು ಬಿದ್ದೀತು,” ಎನ್ನುತ್ತಾರೆ ತುಳಸಾಬಾಯಿ. ಮುಖದ ತುಂಬ ನಗು.

“ಪಕ್ಕಾ ಐತಿ ಬಿಡವಾ,” ಬಂಡೆಪ್ಪ ಕೀಲಿ ಜೇಬಿಗಿಳಿಸುತ್ತಾರೆ. “ಪಕ್ಕದ ಮನಿಯವ್ರಿಗೆ ಯಾವ ಬಣ್ಣ ಬೇಕಂತ?”

“ನೀಲಿ. ಆದ್ರ ಅಲ್ಲೂ ಸುಣ್ಣ ಭಾಳ ಐತ್ರಿ.”

ಬಂಡೆಪ್ಪ ಅಂಗಿಯ ತೋಳು ಮಡಚಿಕೊಂಡು ಪಕ್ಕದ ಮನೆಯ ಮೆಟ್ಟಿಲು ಹತ್ತಿ, ತಾವೇ ಸುಣ್ಣ ಕೆರೆಯಲು ಶುರು ಮಾಡುತ್ತಾರೆ.