ಆಂಜಿನಪ್ಪನ ಬಿಳಿ ಬಂಡೆ

ಬಂಡೆಗೆ ಸುಣ್ಣ ಬಳಿದು ಸಿಕ್ಕಿಬಿದ್ದವನು ನಮ್ಮ ಕೋಲಾರ ಸೀಮೆಯಲ್ಲಿ ಆಂಜಿನಪ್ಪ ಒಬ್ಬನೇ ಇರಬೇಕು. ಕಲ್ಲು ಪರೀಕ್ಷಿಸಲು ಬಂದಿದ್ದ ಭೂವಿಜ್ಞಾನಿ ದಿವ್ಯ ಅವನ ಹೊಲದ ಬಂಡೆಯ ಮೇಲೆ ಪುಟ್ಟ ಬಾಟಲಿಯಿಂದ ಒಂದು ತೊಟ್ಟು ಆಸಿಡ್ ಬಿಟ್ಟರು. ಬಂಡೆ ಗೋಲಿಸೋಡಾದಂತೆ ಬುಸ್ಸೆಂದಿತು. ಪಕ್ಕದಲ್ಲಿ ಬಿಟ್ಟರು, ಅಲ್ಲೂ ಬುಸ್. ಇಷ್ಟು ಹುರುಪಿನ ಬಿಳಿ ಬಂಡೆಯನ್ನು ಅವರು ಎಲ್ಲೂ ಕಂಡಿರಲಿಲ್ಲ. ಆಂಜಿನಪ್ಪ ಉತ್ಸಾಹ ತಡೆಯಲಾರದೆ, "ಇಲ್ಲೂ ಒಂದ್ ತೊಟ್ಟು ಬಿಡಿ ಮೇಡಂ," ಎಂದು ಬೆರಳಿಟ್ಟು ತೋರಿಸಿದ. ತೊಟ್ಟು ಬಿದ್ದದ್ದು ಬೆರಳಿನ ಮೇಲೆ. ಉಗುರೂ ಬುಸ್ಸೆಂದಿತು.

ದಿವ್ಯ ಉಗುರನ್ನು ನೋಡಿದರು, ಬಂಡೆಯನ್ನು ಉಜ್ಜಿದರು. ಅಂಗೈಗೆಲ್ಲ ಬಿಳಿ ಪುಡಿ. ಬದುವಿನ ಆಚೆ ನಿಂತಿದ್ದ ಚನ್ನರಾಯಪ್ಪ ಮಾತ್ರ ಬಹಳ ಗಂಭೀರವಾಗಿ ಕೇಳಿದ: "ಏನ್ಲಾ ಆಂಜಿ, ಬಂಡೆಗೂ ಗೃಹಪ್ರವೇಶನಾ?"

ಚನ್ನರಾಯಪ್ಪ ಆಂಜಿನಪ್ಪನಿಗೆ ಅಕ್ಕನ ಗಂಡ, ಅಂದರೆ ಭಾವ. ರಸಶಾಸ್ತ್ರದವರು ಹೇಳುವ ಸ್ಥಾಯೀಭಾವ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಮನುಷ್ಯನನ್ನೇ ತೋರಿಸುತ್ತೇನೆ. ಆಂಜಿನಪ್ಪನ ಬದುಕಿನಲ್ಲಿ ಮಿಕ್ಕಿದ್ದೆಲ್ಲ ಬಂದು ಹೋಗುವಂಥದ್ದು, ಭಾವ ಮಾತ್ರ ಸ್ಥಾಯಿ. ನೆರೆಯವರನ್ನು ಪ್ರೀತಿಸಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಹೇಳಿಕೊಟ್ಟಿದ್ದರು. ನೆರೆಯವನೇ ನೆಂಟನೂ ಆಗಿಬಿಟ್ಟರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಆಂಜಿನಪ್ಪ ಕೆಟ್ಟವನಲ್ಲ. ಕುಡಿಯುವುದಿಲ್ಲ, ಸುಳ್ಳು ಹೇಳುವುದು ಅಪರೂಪ, ಊರಿನ ಯಾವ ಮದುವೆಯಲ್ಲಾದರೂ ಬಡಿಸಲು ಮೊದಲು ಸೊಂಟ ಕಟ್ಟುವವನು ಅವನೇ. ಆದರೆ ಕೋಲಾರದ ಮಂಡಿಯಲ್ಲಿ ತನ್ನ ಟೊಮೆಟೊ ಚೆನ್ನಾಗಿ ಹೋದ ದಿನವೂ, ಭಾವನದು ಹೇಗೆ ಹೋಯಿತೆಂದು ವಿಚಾರಿಸಿಕೊಂಡೇ ಮುಖದ ಬಣ್ಣ ತೀರ್ಮಾನಿಸುತ್ತಾನೆ. ಒಮ್ಮೆ ಚನ್ನರಾಯಪ್ಪ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಶ್ರೀನಿವಾಸಪುರದ ನೆಂಟರೆಲ್ಲ ಬಂದರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಆಂಜಿನಪ್ಪ ತನ್ನ ಗಟ್ಟಿಮುಟ್ಟಾದ ಕಾಲುಗಳನ್ನು ದುಃಖದಿಂದ ನೋಡಿಕೊಂಡನೆಂದು ಅವನ ಹೆಂಡತಿ ಚಿಕ್ಕಗಂಗಮ್ಮ ಈಗಲೂ ಹೇಳುತ್ತಾಳೆ.

ಹೀಗಿರುವಾಗ ದಿವ್ಯ ಅವರ ತಂಡ ಬಂತು. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಗ್ಯಾಸನ್ನು ಗಾಳಿಗೆ ಬಿಡದೆ ನೀರಿನಲ್ಲಿ ಕರಗಿಸಿ, ನೆಲದಾಳದ ಬಂಡೆಗೆ ಇಳಿಸಿದರೆ, ಕೆಲವು ಜಾತಿಯ ಕಪ್ಪು ಕಲ್ಲುಗಳು ಅದನ್ನು ನಿಧಾನವಾಗಿ ಕಲ್ಲಾಗಿಸಿ ಇಟ್ಟುಕೊಳ್ಳುತ್ತವಂತೆ. ಹೊಟ್ಟೆಯೊಳಗಿನ ಕಿಚ್ಚಿನ ಹೊಗೆಗೂ ಇಂಥದ್ದೊಂದು ವ್ಯವಸ್ಥೆ ಇದ್ದಿದ್ದರೆ ನಮ್ಮ ತಾಲ್ಲೂಕಿನ ಬಂಡೆಗಳು ಸಾಲುತ್ತಿರಲಿಲ್ಲ. ಇರಲಿ. ಇಲ್ಲಿಯ ಕಲ್ಲು ಆ ಕೆಲಸಕ್ಕೆ ಆದೀತೇ ಎಂದು ನೋಡುವುದು ತಂಡದ ಕೆಲಸ. ಭಾವನ ಹೊಲದ ಕಪ್ಪು ಕಲ್ಲಿನಲ್ಲಿ ಬಿಳಿ ಗೆರೆಗಳಿದ್ದವು. ಆಸಿಡ್ ಬಿಟ್ಟಾಗ ಅವು ನೊರೆಯುಕ್ಕಿದವು. ಎಷ್ಟೋ ಯುಗಗಳ ಹಿಂದೆಯೇ ಈ ಕಲ್ಲು ಗ್ಯಾಸನ್ನು ಹಿಡಿದಿಟ್ಟುಕೊಂಡಿದೆ, ಒಳ್ಳೆಯ ಗುರುತು ಎಂದರು ದಿವ್ಯ. ಬದುವಿನ ಈಚೆ, ಆಂಜಿನಪ್ಪನ ಪಾಲಿಗೆ, ಬರೀ ಬಿಳಿ ಬಂಡೆ; ಅಂಥದ್ದಕ್ಕೆ ಗ್ಯಾಸು ಹಿಡಿಯುವ ಗುಣವಿಲ್ಲ. ಭೂಮಿ ಹುಟ್ಟಿದ ಕಾಲಕ್ಕೇ ಅವರಿಬ್ಬರ ಪಾಲುಪಟ್ಟಿ ಮುಗಿದುಹೋಗಿತ್ತು.

ಭಾವನ ಹೊಲದಲ್ಲಿ ಆಳವಾದ ತೂತು ಕೊರೆದರು. ಮೇಲೆ ಮೊಳದುದ್ದದ ಪೈಪು, ಅದಕ್ಕೊಂದು ನೀಲಿ ಮುಚ್ಚಳ, ಮುಚ್ಚಳಕ್ಕೊಂದು ಬೀಗ. ಜನ ನೋಡಲು ಬಂದರು. ಮುಳಬಾಗಿಲಿನಿಂದ ಬೀಗರು ಬಂದು ಪೈಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಂಜಿನಪ್ಪನಿಗೆ ಊಟ ಸೇರದಾಯಿತು. "ಅವರ ಹೊಲದಲ್ಲಿ ತೂತಾದ್ರೆ ನಿನ್ನ ಹೊಟ್ಟೇಲಿ ಯಾಕಯ್ಯಾ ತೂತು?" ಎಂದಳು ಚಿಕ್ಕಗಂಗಮ್ಮ. ನೊರೆ ಬಂದ ಕಲ್ಲು ಪಾಸು ಎಂಬ ತೀರ್ಮಾನಕ್ಕೆ ಅಷ್ಟರಲ್ಲಿ ಅವನು ಬಂದಾಗಿತ್ತು. ಮನೆಗೆ ಬಳಿದು ಮಿಕ್ಕಿದ್ದ ಸುಣ್ಣವನ್ನು ಸಂಜೆ ಸಂಜೆ ಬಂಡೆಗೆ ಕುಡಿಸಿದ. ಮುಂದಿನದು ನಿಮಗೆ ಗೊತ್ತೇ ಇದೆ.

ಆಮೇಲೆ ಕೆಲವು ದಿನ ಅವನು ಹೊಲದ ಕಡೆ ತಲೆ ಹಾಕಲಿಲ್ಲ. ಹಾಲಿನ ಡೈರಿಗೆ ಹೋದರೆ ಯಾರಾದರೊಬ್ಬರು ಬುಸ್ಸೆನ್ನುತ್ತಿದ್ದರು. ಒಂದು ಬೆಳಿಗ್ಗೆ ದಿವ್ಯ ಅವರೇ ಮನೆಗೆ ಬಂದರು. ಸುಣ್ಣದ ಮಾತೆತ್ತಲಿಲ್ಲ. ಬಿಳಿ ಬಂಡೆಯಲ್ಲೂ ಒಂದು ತೂತು ಬೇಕಾಗಿದೆ, ಒಪ್ಪುತ್ತೀರಾ ಎಂದು ಕೇಳಿದರು. ಆಸೆ ಹುಟ್ಟಿಸಬಾರದೆಂದು ಬಿಡಿಸಿಯೂ ಹೇಳಿದರು:

"ನಿಮ್ಮ ಬಂಡೆ ಗ್ಯಾಸನ್ನ ಕಲ್ಲು ಮಾಡುತ್ತೆ ಅಂತ ನಮಗೆ ನಂಬಿಕೆ ಇಲ್ಲ ಆಂಜಿನಪ್ಪನವರೇ. ಅವರ ಬಂಡೆ ಎಷ್ಟು ಒಳ್ಳೇದು ಅಂತ ತಿಳಿಯೋಕೆ, ಹೋಲಿಸಿ ನೋಡೋಕೆ ಇದು ಬೇಕು."

"ಅಂದ್ರೆ ನಮ್ದು ಫೇಲಾಗೋಕೇ ಪರೀಕ್ಷೆಗೆ ಕೂತ್ಕೊಬೇಕಾ?" ಎಂದಳು ಚಿಕ್ಕಗಂಗಮ್ಮ.

"ನೀನು ಸುಮ್ನಿರೇ," ಎಂದ ಆಂಜಿನಪ್ಪ. ಆಮೇಲೆ ದಿವ್ಯ ಅವರ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದ: "ಬೀಗ ಹಾಕ್ತೀರಾ ಮೇಡಂ?"

ಹಾಕಿದರು. ಪೈಪು, ನೀಲಿ ಮುಚ್ಚಳ, ಬೀಗ, ಎಲ್ಲ ಥೇಟು ಭಾವನದರಂತೆಯೇ. ಆಂಜಿನಪ್ಪ ಪೈಪಿನ ಸುತ್ತ ಗುಡಿಸಿ, ನೀರು ಚಿಮುಕಿಸಿ, ಕೈಕಟ್ಟಿ ನಿಂತ. ಯಾರೂ ನಿರೀಕ್ಷಿಸದ ಸಂಗತಿ ನಡೆದದ್ದು ಆಗ. ಚನ್ನರಾಯಪ್ಪ ಕುಂಟುಗಾಲಿನಲ್ಲೇ ಬದು ದಾಟಿ ಬಂದ, ಪೈಪನ್ನು ಒಂದು ಸುತ್ತು ನೋಡಿದ, ಭಾಮೈದನ ಭುಜದ ಮೇಲೆ ಕೈ ಹಾಕಿದ.

"ನಮ್ದಕ್ಕಿಂತ ನಿಂದೇ ಲಕ್ಷಣವಾಗೈತೆ ಕಣ್ಲಾ ಆಂಜಿ."

ಅದರಲ್ಲಿ ಕುಚೋದ್ಯವಿರಲಿಲ್ಲ. ಆಂಜಿನಪ್ಪನ ಕಣ್ಣು ಒದ್ದೆಯಾದವು. ಚಿಕ್ಕಗಂಗಮ್ಮ ಎಲ್ಲರಿಗೂ ಕಾಫಿ ತಂದಳು. ಭಾವ ಭಾಮೈದ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತು ಕುಡಿದರು. ಲೋಟ ಖಾಲಿಯಾದ ಮೇಲೆ ಚನ್ನರಾಯಪ್ಪ ಅಕ್ಕರೆಯಿಂದ ತಲೆಯಾಡಿಸಿ ತನ್ನ ಹೊಲಕ್ಕೆ ವಾಪಸು ಹೋದ. ಇಷ್ಟು ವರ್ಷದ ಉರಿ ಕಡೆಗೂ ಆರಿತೆಂದು ಚಿಕ್ಕಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ದಿವ್ಯ ಅವರ ಮನಸ್ಸೂ ಕರಗಿತ್ತು. ಜೀಪು ಹತ್ತುವ ಮುಂಚೆ, ಕೆಲಸ ಮುಗಿಯಿತು, ನಮ್ಮಿಂದ ನಿಮಗೆ ಇನ್ನೇನಾದರೂ ಆಗಬೇಕಾ ಎಂದು ಕೇಳಿದರು.

ಆಂಜಿನಪ್ಪ ತನ್ನ ಪೈಪನ್ನು ಕಣ್ತುಂಬ ನೋಡಿಕೊಂಡ. ಬದುವಿನಾಚೆಗೂ ಒಮ್ಮೆ ನೋಡಿದ.

"ನಮ್ಗೆ ಇಷ್ಟು ಸಾಕು ಮೇಡಂ," ಎಂದ. "ಭಾವಂದು ಯಾವಾಗ ಮುಚ್ತೀರಾ?"