ಕಣ್ಣೊಳಗೆ ಕೂರಿಸಿದ ಕಡ್ಡಿ

ಗಿರಾಕಿಯ ಕಿವಿಯ ಹಿಂದೆ ಕತ್ತಿ ಜಾರಿತು. ಬಂದಿದ್ದು ಒಂದು ಹನಿ ರಕ್ತ, ಅಷ್ಟಕ್ಕೇ ಕ್ಷೌರಿಕನ ಜೀವ ಬಾಯಿಗೆ ಬಂತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೈ ತಪ್ಪಿರಲಿಲ್ಲ.

"ನೀವು ಅಲ್ಲಾಡಿದ್ರಿ," ಎಂದು ಸುಳ್ಳು ಹೇಳಿ ಪಟಿಕದ ಕಲ್ಲು ಒತ್ತಿದ.

ಅಲ್ಲಾಡಿದ್ದು ಗಿರಾಕಿಯಲ್ಲ. ಕ್ಷೌರಿಕನ ಬಲಗಣ್ಣಿನ ಒಳಗೆ ಉರಿಯೂತವಾಗಿತ್ತು. ಮಾತ್ರೆ ನುಂಗಿದರೆ ಇಳಿಯುವುದು, ಬಿಟ್ಟರೆ ಮತ್ತೆ ಏರುವುದು. ಈಗಂತೂ ಎದುರಿಗಿದ್ದವರ ಮುಖದ ನಡುವೆಯೇ ಮಂಜು. ಸಂಜೆ ಹೆಂಡತಿಯ ಮುಂದೆ ಬಾಯಿಬಿಟ್ಟ. ಮರುದಿನವೇ ಆಕೆ ಅವನನ್ನು ಕಣ್ಣಿನ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ಅಕ್ಕಿಕಾಳಿನಷ್ಟು ಉದ್ದ, ದಾರದಷ್ಟು ತೆಳ್ಳಗಿನ ಕಡ್ಡಿ. ಸೂಜಿಯಲ್ಲಿ ಕಣ್ಣೊಳಗೆ ಕೂರಿಸ್ತೀವಿ," ಎಂದರು ಡಾಕ್ಟರಮ್ಮ. "ತಿಂಗಳುಗಟ್ಟಲೆ ಚೂರುಚೂರೇ ಔಷಧಿ ಬಿಟ್ಟು ತಾನೇ ಕರಗುತ್ತೆ. ಕೆಲವರಿಗೆ ಕಣ್ಣಿನ ಒತ್ತಡ ಏರುತ್ತೆ. ನೋವು ಬಂದ್ರೆ ಒಂದು ಗಳಿಗೆನೂ ಕಾಯಬೇಡಿ."

"ಕಣ್ಣಿಗೆ ಸೂಜಿಯಾ!" ಅವನು ಎದ್ದೇಬಿಟ್ಟ.

ಹೆಂಡತಿ ಅಂಗಿ ಹಿಡಿದೆಳೆದಳು. "ಕಂಡವರ ಕುತ್ತಿಗೆಗೆಲ್ಲ ಕತ್ತಿ ಹಿಡೀತೀರಾ, ಒಂದು ಸೂಜಿಗೆ ಹೆದರ್ತೀರಾ? ಕೂತ್ಕೊಳ್ಳಿ."

ಕೂತ. ಹನಿ ಹಾಕಿ ಮರಗಟ್ಟಿಸಿದ ಕಣ್ಣಿಗೆ ನೋವು ತಿಳಿಯಲಿಲ್ಲ, ಒತ್ತಿದಂತಾಯಿತು, ಅಷ್ಟೇ. ಮೂರನೇ ವಾರಕ್ಕೆ ಮಂಜು ಹರಿಯಿತು. ಮತ್ತೆ ಕತ್ತಿ ಹಿಡಿದ.

ಏಳನೇ ವಾರದ ಒಂದು ಬೆಳಿಗ್ಗೆ, ಬ್ಯಾಂಕಿನ ಗುಮಾಸ್ತರೊಬ್ಬರ ಎಡಗೆನ್ನೆ ಮುಗಿಸಿ ಬಲಕ್ಕೆ ತಿರುಗುವಾಗ ಕಣ್ಣು ಸಿಡಿಯತೊಡಗಿತು. ಕನ್ನಡಿಯ ಮೇಲಿನ ದೀಪದ ಸುತ್ತ ಬಣ್ಣದ ಬಳೆ. ಬೆಂಚಿನ ಮೇಲೆ ಇನ್ನೂ ನಾಲ್ವರು ಕಾಯುತ್ತಿದ್ದರು. ಇದೊಂದು ಗಡ್ಡ ಮುಗಿಸಿಬಿಡಲೇ? ಕತ್ತಿ ಎತ್ತಿದ. ಕೆಳಗಿಟ್ಟ.

"ಕ್ಷಮಿಸಿ ಸಾರ್. ನನ್ನ ಕಣ್ಣು ಸರಿಯಿಲ್ಲ. ಇನ್ನರ್ಧ ನನ್ನಿಂದಾಗಲ್ಲ."

ಗುಮಾಸ್ತರು ನೊರೆ ಒರೆಸಿಕೊಂಡು ಎದ್ದರು. "ಅರ್ಧ ಗಡ್ಡದಲ್ಲೇ ಆಫೀಸಿಗೆ ಹೋಗ್ತೀನಿ ಬಿಡಪ್ಪ. ನಡಿ, ಆಸ್ಪತ್ರೆಗೆ ಬಿಡ್ತೀನಿ." ಸ್ಕೂಟರಿನ ಹಿಂದೆ ಅವನನ್ನು ಕೂರಿಸಿಕೊಂಡು ಹೊರಟರು.

ಒತ್ತಡ ಇರಬೇಕಾದ್ದಕ್ಕಿಂತ ದುಪ್ಪಟ್ಟಾಗಿತ್ತು. ಹನಿ ಹಾಕಿದರು, ಮಾತ್ರೆ ಕೊಟ್ಟರು, ಗಂಟೆಗೊಮ್ಮೆ ಅಳೆದರು. ಓಡಿಬಂದ ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆರಳು ಬಿಡಲಿಲ್ಲ. ಮೂರನೇ ಸಲ ಅಳೆದಾಗಲೂ ಇಳಿದಿರಲಿಲ್ಲ. ಐದನೇ ಸಲ ಡಾಕ್ಟರಮ್ಮ ಉಸಿರು ಬಿಟ್ಟರು. "ಇಳೀತಿದೆ. ಎರಡು ದಿನ ತಡ ಮಾಡಿದ್ರೆ ಕಣ್ಣಿನ ನರಕ್ಕೇ ಏಟು ಬೀಳ್ತಿತ್ತು."

ಕಣ್ಣು ಉಳಿಯಿತು. ಐದು ತಿಂಗಳಿಗೆ ಕಡ್ಡಿ ಕರಗಿ, ಮಂಜು ಮತ್ತೆ ಇಣುಕಿತು. ಈ ಸಲ ಒತ್ತಡ ಇಳಿಸುವ ಹನಿಯನ್ನು ಮೊದಲೇ ಶುರುಮಾಡಿದರು. ಎರಡನೇ ಕಡ್ಡಿಗೆ ಅವನು ಒಬ್ಬನೇ ಹೋದ. ಹೆದರಿಕೆಯೇನೂ ಹೋಗಿರಲಿಲ್ಲ.