ಚಂಪವ್ವ ಬೇಡಿಕೊಂಡದ್ದು

ಚಂಪವ್ವ ನೀರು ಸೋಸುವುದನ್ನು ನೋಡಲೆಂದೇ ನಮ್ಮ ಓಣಿಯ ಹೆಂಗಸರು ಬಾವಿಕಟ್ಟೆಯ ಮೇಲೆ ಕೊಡ ಇಳಿಸಿ ನಿಲ್ಲುತ್ತಿದ್ದರು. ಎರಡು ಪದರದ ಬಿಳಿ ಬಟ್ಟೆಯಲ್ಲಿ ನೀರು ಸೋಸುವಳು. ಆಮೇಲೆ ಆ ಬಟ್ಟೆಯನ್ನು ಒಂದು ಚೊಂಬು ನೀರಿನಲ್ಲಿ ಹಗುರಾಗಿ ಜಾಲಿಸಿ, ಚೊಂಬನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸುವಳು. ಬಟ್ಟೆಗೆ ಸಿಕ್ಕ, ಕಣ್ಣಿಗೆ ಕಾಣದ ಜೀವಗಳು ಮತ್ತೆ ಅದೇ ನೀರು ಸೇರಬೇಕು.

"ಮ್ಯಾಲಿಂದ ಸುರುವಿದರ ಆಗಂಗಿಲ್ಲೇನ್ರೀ ಅತ್ತಿ?" ಎಂದು ಕೇಳಿದ್ದೆ.

"ನಿನ್ನ ಯಾರರ ಮಾಳಿಗಿ ಮ್ಯಾಲಿಂದ ಒಗದು ಮನಿಗೆ ಕಳಿಸಿದರ ನಡೀತದೇನ?" ಎಂದಳು.

ಕಲಬುರಗಿಯಲ್ಲಿ ಅವಳದು ನಮ್ಮ ಪಕ್ಕದ ಮನೆ. ತವರು ಕಮಲಾಪುರ. ಜೈನರ ವಿಧವೆ. ಮೂರು ಮಕ್ಕಳು ಒಂದೇ ವಾರದಲ್ಲಿ ವಾಂತಿಭೇದಿಗೆ ಹೋಗಿದ್ದರಂತೆ. ಅವಳ ಬಾಯಿಂದ ಆ ಮಾತು ನಾನು ಕೇಳಿದವಳಲ್ಲ. "ಅವರವರ ಕರ್ಮ ಅವರವರ ತೀರಿಸಬೇಕು ತಂಗಿ, ನಡುವ ಯಾರೂ ಕೈ ಹಾಕಾಕ ಬರಂಗಿಲ್ಲ" ಎನ್ನುವುದು ಅವಳ ಮಾತು. ನಮ್ಮ ಮನೆಯ ಹಾಲು ಒಡೆದರೂ ಅದೇ ಮಾತು. ನಮ್ಮವರು ನಿಜಾಮರ ಕಚೇರಿಯಲ್ಲಿ ಗುಮಾಸ್ತರು, ದಿನವಿಡೀ ಉರ್ದುವಿನಲ್ಲಿ ಬರೆದು ದಣಿದು ಬಂದು ನಗುತ್ತಿದ್ದರು: "ನಿಮ್ಮ ಅತ್ತಿಯ ದೇವರು ನಮ್ಮ ಸಾಹೇಬರಂಗ. ಅರ್ಜಿನೇ ತಗೊಳ್ಳಂಗಿಲ್ಲ."

ನನ್ನ ಗೌರಿಗೆ ಮೂರು ವರ್ಷವಾದಾಗ ಸಿಡುಬು ಎದ್ದಿತು. ಜೀವ ಉಳಿಯಿತು, ಎರಡೂ ಕಣ್ಣು ಹೋದವು. ಶರಣಪ್ಪನ ಗುಡಿಯಲ್ಲಿ ಉರುಳಿದೆ. ರೋಜಾದ ದರ್ಗಾದಲ್ಲಿ ಚಾದರ ಏರಿಸಿದೆ. ಹಕೀಮರು ಮಗುವಿನ ರೆಪ್ಪೆ ಬಿಡಿಸಿ ನೋಡಿ, "ಅಬ್ ದುವಾಚ್ ಕರೋ, ಬೇಟೀ" ಎಂದು, ಇನ್ನು ಬೇಡಿಕೊಳ್ಳುವುದೊಂದೇ ದಾರಿಯೆಂಬಂತೆ ಮುಖ ತಿರುಗಿಸಿದರು. ಉಳಿದದ್ದು ಚಂಪವ್ವನ ದೇವರೊಂದೇ. ನನ್ನನ್ನೂ ಕಮಲಾಪುರದ ಬಸದಿಗೆ ಕರೆದುಕೊಂಡು ಹೋಗೆಂದು ಬೆನ್ನು ಹತ್ತಿದೆ. ಆಕೆ ಬೇಡವೆನ್ನಲಿಲ್ಲ.

ಎತ್ತಿನ ಗಾಡಿಯಲ್ಲಿ ಮರುದಿನ ಮುಟ್ಟಿದೆವು. ಬಾಗಿ ಒಳಹೋಗಬೇಕಾದ ಸಣ್ಣ ಬಸದಿ. ಒಳಗೆ ಕರಿಕಲ್ಲಿನ ಜಿನ, ಬತ್ತಲೆ ನಿಂತಿದ್ದಾನೆ. ಆಯುಧವಿಲ್ಲ, ಅಭಯದ ಕೈಯಿಲ್ಲ, ಕೈಗಳು ಸುಮ್ಮನೆ ಜೋತುಬಿದ್ದಿವೆ. ಗೌರಿಯನ್ನು ನೆಲಕ್ಕೆ ಕೂರಿಸಿ, ಬೆಳ್ಳಿಯ ಕಣ್ಣು ಮಾಡಿಸಿ ಕೊಡುತ್ತೇನೆಂದು ಹರಕೆ ಶುರುಮಾಡಿದೆ. ಚಂಪವ್ವ ನನ್ನ ಕೈ ಹಿಡಿದಳು.

"ಇಲ್ಲಿ ಹರಕಿ ನಡಿಯಂಗಿಲ್ಲ ತಂಗಿ. ಸ್ವಾಮಿ ಕೊಡಂಗಿಲ್ಲ, ಕಸಗೊಳ್ಳಂಗೂ ಇಲ್ಲ. ಎಲ್ಲಾ ಬಿಟ್ಟು ಹ್ವಾದವರು. ನಾವೂ ಹಂಗ ಆಗಬೇಕಂತ ನೋಡಿ ಕೈ ಮುಗೀಬೇಕು, ಅಷ್ಟ."

"ಮತ್ತ ನನ್ನ ಯಾಕ ಕರಕೊಂಡು ಬಂದ್ರಿ?" ಎಂದು ಕೂಗಿಬಿಟ್ಟೆ.

"ನೀ ಬರ್ತೀನಂದಿ... ಬ್ಯಾಡಂತ ಹೆಂಗ ಅನ್ನಲಿ?" ಅವಳ ಮುಖ ಬಾಡಿತು.

ನನ್ನ ಕೂಗು ಗೋಡೆಗೆ ಬಡಿದು ಮರಳಿತ್ತು. ಗೌರಿ ಆ ಸದ್ದಿನ ಕಡೆ ಮುಖವೆತ್ತಿ, ಕೈ ಚಾಚಿ ಕೇಳಿದಳು: "ಅವ್ವಾ, ಇಲ್ಲಿ ಯಾರರ ಅದಾರೇನ?"

ಎಡಕ್ಕೆ ಒಂದು ಗೂಡಿನಲ್ಲಿ, ಹಾವಿನ ಹೆಡೆಯ ಕೆಳಗೆ ಪದ್ಮಾವತಿ ಯಕ್ಷಿ ಇದ್ದಳು. ಊರ ಹೆಂಗಸರು ಅಲ್ಲಿ ಉಡಿ ತುಂಬಿ ಬೇಡಿಕೊಳ್ಳುವರು. "ಅದು ಕೇಳೋರ ಜಾಗಾ, ನಾ ಅತ್ತಾಗ ಹೋಗಂಗಿಲ್ಲ" ಎಂದು ದಾರಿಯಲ್ಲಿ ಚಂಪವ್ವ ಹೇಳಿದ್ದಳು. ಈಗ ಅಲ್ಲಿಗೇ ಹೋದಳು. ಮೊಣಕಾಲೂರಿ ಸೆರಗೊಡ್ಡಿದಳು.

"ತಾಯೀ, ನನ್ನ ಮೂರೂ ಮಕ್ಕಳು ಹೋದಾಗ ನಿನ್ನ ಕಡಿ ನೋಡಲಿಲ್ಲ. ಈಗ ಕೇಳಾಕತ್ತೀನಿ. ಈ ಕೂಸಿಗೆ ಕಣ್ಣು ಕೊಡು. ಬೇಕಾದರ ನನ್ನ ಕಣ್ಣು ತಗೋ." ಎಂದವಳೇ ಗೊಳೋ ಎಂದು ಅತ್ತಳು. ಪೂಜೆಯ ಉಪಾಧ್ಯೆಯವರು ಗಂಧ ತೇಯುವುದನ್ನು ನಿಲ್ಲಿಸಿ ನೋಡುತ್ತ ಕುಳಿತರು. ಅವಳನ್ನು ಎಬ್ಬಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕುಳಿತುಕೊಂಡೆ.

ಗೌರಿಗೆ ಕಣ್ಣು ಬರಲಿಲ್ಲ. ಚಂಪವ್ವನ ಕಣ್ಣೂ ಹೋಗಲಿಲ್ಲ. ಊರಿಗೆ ಮರಳಿದ ಮೇಲೆ ಕರ್ಮದ ಮಾತು ಅವಳ ಬಾಯಲ್ಲಿ ಕೇಳಲಿಲ್ಲ. ನಮ್ಮ ಮನೆಯ ಹಾಲು ಒಡೆದರೆ, "ಇರಲಿ ಬಿಡು" ಎನ್ನುತ್ತಿದ್ದಳು. ಕಾಲು ಸೋತಾಗ ತಮ್ಮ ಬಂದು ಅವಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದ.

ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ಹೋದಾಗ ಗೌರಿಗೆ ಹತ್ತು ವರ್ಷ. ಚಂಪವ್ವ ಅವಳ ಮುಖದ ಸಿಡುಬಿನ ಕಲೆಗಳ ಮೇಲೆ ಬೆರಳಾಡಿಸಿ, ನನ್ನ ಕಡೆ ತಿರುಗಿದಳು.

"ತಂಗಿ, ಅವತ್ತ ನಾ ಕೇಳಿದ್ದು ತಪ್ಪಾತೇನ? ನನ್ನ ಧರ್ಮನೂ ಹ್ವಾತು, ಕೂಸಿಗೆ ಕಣ್ಣೂ ಬರಲಿಲ್ಲ."

ಅವತ್ತು ಯಾವ ದೇವರಿಂದಲೂ ಸಿಗದ್ದು ಆಕೆ ನನಗಾಗಿ ಅತ್ತಾಗ ಸಿಕ್ಕಿತ್ತು. ಆ ಅಳುವಿಲ್ಲದಿದ್ದರೆ ನಾನು ಮಗುವನ್ನು ಅವುಚಿಕೊಂಡು ಯಾವುದಾದರೂ ಬಾವಿಗೆ ಬೀಳುತ್ತಿದ್ದೆ. ಇದನ್ನು ಹೇಗೆ ಹೇಳಲೆಂದು ತಡವರಿಸುವಷ್ಟರಲ್ಲಿ ತಮ್ಮನ ಹೆಂಡತಿ ಗಂಜಿ ತಂದಳು. "ಹೊತ್ತು ಮುಳುಗಾಕ ಬಂತ್ರೀ, ಜಲ್ದಿ ಕುಡೀರಿ." ಕತ್ತಲಾದ ಮೇಲೆ ಅವರಲ್ಲಿ ಊಟವಿಲ್ಲ. ನಡುಗುವ ತುಟಿಗೆ ಚಮಚೆ ಹಿಡಿದೆ. ಅರ್ಧ ಬಟ್ಟಲು ಇರುವಾಗಲೇ ಕಿಟಕಿಯ ಬೆಳಕು ಹೋಯಿತು. ಚಂಪವ್ವ ಬಾಯಿ ಮುಚ್ಚಿಕೊಂಡಳು. ಆಕೆಯ ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಹೊರಗೆ ಗಾಡಿಯವನು ಕರೆದ. ಕಾಲು ಮುಟ್ಟಿ ಎದ್ದೆ.

ಹದಿನೈದು ದಿನಕ್ಕೆ ಸುದ್ದಿ ಬಂತು. ನಾನು ಏನೂ ಹೇಳಿರಲಿಲ್ಲ.